ಊರಿಗೇ ಉತ್ತಮ ರಕ್ತ

ನಮ್ಮ ಮಾವನ ರಕ್ತ ಊರಿಗೇ ಉತ್ತಮ ಎಂದು ಬರೆದು ಸಹಿ ಹಾಕಿದವಳು ನಾನೇ. ಬೇರೆ ಯಾರಾದರೂ ಹಾಕಿದ್ದರೆ ಅವರನ್ನು ಬಾಯಿಗೆ ಬಂದಂತೆ ಬೈದು ಹಗುರಾಗಬಹುದಿತ್ತು. ಆ ಸುಖವೂ ನನಗಿಲ್ಲ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಜನರ ತೋಳಿಗೆ ಪಟ್ಟಿ ಬಿಗಿದು, ನರ ತಡಕಿ, ಸೂಜಿ ಚುಚ್ಚಿ, ‘ಆಯ್ತು ಆಯ್ತು, ಇರುವೆ ಕಚ್ಚಿದಷ್ಟೇ’ ಎಂದು ಸುಳ್ಳು ಹೇಳುತ್ತಾ ಬಂದಿದ್ದೇನೆ. ರಿಪೋರ್ಟಿನ ವಿಷಯಕ್ಕೆ ಬಂದರೆ ಮಾತ್ರ ನನ್ನಷ್ಟು ಕಿರಿಕಿರಿಯ ಹೆಂಗಸು ಇನ್ನೊಬ್ಬಳಿಲ್ಲ. ಅಂಕಿ ಸ್ವಲ್ಪ ವಿಚಿತ್ರವಾಗಿ ಕಂಡರೂ ಅದೇ ರಕ್ತವನ್ನು ಮಿಷಿನ್ನಿಗೆ ಮತ್ತೆ ಹಾಕುತ್ತೇನೆ. ಆಗಲೂ ಅನುಮಾನ ಹೋಗದಿದ್ದರೆ ಬಸ್ಸು ಹತ್ತಲು ಹೊರಟವರನ್ನೂ ವಾಪಸು ಕರೆಸಿ ಮತ್ತೆ ಚುಚ್ಚುತ್ತೇನೆ. ಲ್ಯಾಬಿನ ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನನ್ನು ‘ಇನ್ನೊಂದ್ಸಲ ಮೇಡಂ’ ಎಂದು ಕರೆಯುತ್ತಾರೆ. ಮುಂದೆಯೂ ಕರೆಯಬಹುದು, ನನಗೇನೂ ಬೇಜಾರಿಲ್ಲ.

ಲ್ಯಾಬ್ ಇರುವುದು ಬಸ್‌ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ನಮ್ಮ ಮಾಲೀಕರು ಡಾಕ್ಟರಲ್ಲ. ಮೊದಲು ಗಾಜಿನ ವ್ಯಾಪಾರ ಮಾಡುತ್ತಿದ್ದರು. ಲ್ಯಾಬುಗಳಿಗೆ ಗಾಜಿನ ಸಾಮಾನು ಕೊಡುತ್ತಾ ಕೊಡುತ್ತಾ ಒಂದು ದಿನ ಲ್ಯಾಬನ್ನೇ ಕೊಂಡುಬಿಟ್ಟರು. ಕೈಯಲ್ಲಿ ಹಿಡಿದ ವಸ್ತು ಒಡೆಯದ ಹಾಗೆ ಮಾರುವುದು ಅವರಿಗೆ ಚೆನ್ನಾಗಿ ಬರುತ್ತದೆ. ವರ್ಷದ ಆರಂಭದಲ್ಲಿ ಅವರು ಒಂದು ಪುಟ್ಟ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಒಳಗೆ ಎರಡು ಬಾಟಲಿ ರಾಸಾಯನಿಕ, ಬಳಸುವ ವಿಧಾನ ಬರೆದ ಎಂಟು ಮಡಿಕೆಯ ಒಂದು ಕಾಗದ.

“ಆ್ಯಂಟಿಆಕ್ಸಿಡೆಂಟ್ ಪರೀಕ್ಷೆ ಮೇಡಂ,” ಎಂದರು. “ಕಬ್ಬಿಣಕ್ಕೆ ತುಕ್ಕು ಹಿಡಿಯೋ ಹಾಗೆ ದೇಹಕ್ಕೂ ಹಿಡಿಯುತ್ತಂತೆ. ಅದನ್ನ ತಡೆಯೋ ಶಕ್ತಿ ರಕ್ತದಲ್ಲಿ ಎಷ್ಟಿದೆ ಅಂತ ಇದು ಒಂದೇ ಅಂಕಿಯಲ್ಲಿ ಹೇಳುತ್ತೆ. ಶುಗರ್ ಇಲ್ಲದವರು ಇರಬಹುದು. ವಯಸ್ಸಾಗದವರು ಯಾರಿದಾರೆ ಹೇಳಿ?”

ಅವತ್ತಿನಿಂದ ಅದಕ್ಕೆ ‘ತುಕ್ಕು ಟೆಸ್ಟ್’ ಎಂಬ ಹೆಸರು ಬಿತ್ತು.

ಹೊಸ ಪರೀಕ್ಷೆ ಬಂದಾಗ ಒಂದು ಕ್ರಮವಿದೆ. ಎಷ್ಟು ಬಂದರೆ ಸರಿ, ಎಷ್ಟು ಬಂದರೆ ಕಡಿಮೆ ಎನ್ನುವುದನ್ನು ಲ್ಯಾಬಿನವರೇ ತಮ್ಮ ಊರಿನ ಆರೋಗ್ಯವಂತರ ರಕ್ತ ನೋಡಿ ನಿಗದಿ ಮಾಡಬೇಕು. ನಲವತ್ತು ಜನ ಬೇಕಿತ್ತು. ಆರೋಗ್ಯವಂತರು ಎಂದರೆ ಯಾರು? ತಾವಾಗಿ ಲ್ಯಾಬಿನ ಮೆಟ್ಟಿಲು ಹತ್ತದವರು. ಅಂಥವರನ್ನು ಎಲ್ಲಿಂದ ತರುವುದು? ಕಡೆಗೆ ನಮ್ಮ ಸಿಬ್ಬಂದಿ, ಅವರ ಅಕ್ಕ ತಂಗಿಯರು, ಕೆಳಗಿನ ಚಪ್ಪಲಿ ಅಂಗಡಿಯವರು, ಹೀಗೆ ಸಿಕ್ಕವರನ್ನೆಲ್ಲ ಎಳೆದು ತಂದೆವು. ನಾನು ನನ್ನ ಗಂಡನನ್ನೂ ಮಾವನನ್ನೂ ಕರೆತಂದೆ. ‘ನಿಮಗೆ ಏನಾದರೂ ಕಾಯಿಲೆ ಇದೆಯೇ?’ ಎಂದು ಒಂದು ಹಾಳೆ ಕೊಟ್ಟಿದ್ದೆವು. ಮಾವ ‘ಇಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಹದಿನೈದು ವರ್ಷದಿಂದ ಡಾಕ್ಟರ ಮುಖ ನೋಡದವರಿಗೆ ಕಾಯಿಲೆ ಎಲ್ಲಿಂದ ಇರಬೇಕು!

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿ ತಿರುಗಿ, ಕಳ್ಳ ತಕ್ಕಡಿ ಹಿಡಿಯುವುದು ಅವರ ಕೆಲಸವಾಗಿತ್ತು. ಎಪ್ಪತ್ತೆರಡು ವರ್ಷ. ಗೇಟಿನವರೆಗೆ ನಡೆದರೆ ಅದೇ ವ್ಯಾಯಾಮ. ಕರಿದದ್ದು ಕಂಡರೆ ಪ್ರಾಣ. ಮಧ್ಯಾಹ್ನ ಎರಡು ತಾಸು ಗೊರಕೆ. ಅವರ ಮಗ, ಅಂದರೆ ನನ್ನ ಯಜಮಾನರು, ತದ್ವಿರುದ್ಧ. ಬೆಳಗಾಗುವ ಮೊದಲೇ ಓಟ, ಬಂದ ಮೇಲೆ ಯಾವುದೋ ಸೊಪ್ಪಿನ ರಸ, ಆಮೇಲೆ ನನಗೂ ಮಾವನಿಗೂ ಆ ರಸದ ಬಗ್ಗೆ ಒಂದು ಭಾಷಣ.

ಫಲಿತಾಂಶ ಬಂತು. ನಲವತ್ತು ಜನರಲ್ಲಿ ಹೆಚ್ಚಿನವರು ಒಂದೂಕಾಲರಿಂದ ಒಂದೂಮುಕ್ಕಾಲರೊಳಗೆ ಇದ್ದರು. ನಮ್ಮ ಯಜಮಾನರದ್ದು 1.2. ಕೊನೆಯಿಂದ ಎರಡನೆಯವರು. ಮಾವನದ್ದು 2.4.

ನಾನು ನಂಬಲಿಲ್ಲ. ಅದೇ ರಕ್ತವನ್ನು ಮತ್ತೆ ಮಿಷಿನ್ನಿಗೆ ಹಾಕಿದೆ, 2.4. ಮರುದಿನ ಮಾವನನ್ನು ಕೂರಿಸಿ ಮತ್ತೆ ಚುಚ್ಚಿದೆ, 2.4. ಮೂರನೆಯ ದಿನ ಎಡಗೈ ಬಿಟ್ಟು ಬಲಗೈಗೆ ಚುಚ್ಚಿದೆ, ಬಲಗೈಯಲ್ಲಿ ಬೇರೆ ರಕ್ತ ಇರುತ್ತದೆ ಎನ್ನುವ ಹಾಗೆ. 2.5 ಬಂತು. “ಇನ್ನೊಂದು ಸಲ ಚುಚ್ಚಿದ್ರೆ ಮೂರು ದಾಟುತ್ತೆ ನೋಡು,” ಎಂದು ಮಾವ ತೋಳು ಒತ್ತಿ ಹಿಡಿದು ನಕ್ಕರು. ಆಗ ನಂಬಿದೆ, ಸಹಿ ಹಾಕಿದೆ. ಅಂಕಿಯನ್ನು ಮೂರು ಸಲ ಪರೀಕ್ಷೆ ಮಾಡಿದೆ. ಮನುಷ್ಯನನ್ನು ಒಂದು ಸಲವೂ ಮಾಡಲಿಲ್ಲ. ಇದನ್ನು ಈಗ ಹೇಳುವುದು ಸುಲಭ.

ಅವತ್ತು ಊಟಕ್ಕೆ ಕೂತಾಗ ಮಾವ ಮಗನ ಲೋಟದ ಕಡೆ ನೋಡಿದರು. “ಆ ಹಸಿರು ನೀರನ್ನ ಇನ್ಮೇಲೆ ಗಿಡಕ್ಕೇ ಹಾಕಪ್ಪ. ಅದಕ್ಕಾದ್ರೂ ಉಪಯೋಗ ಆಗ್ಲಿ.”

ನಮ್ಮ ಯಜಮಾನರು ನನ್ನ ಮುಖ ನೋಡಿದರು. “ನಿನ್ನ ಮಿಷಿನ್ ಸರಿ ಇದೆಯಾ?”

“ಮೂರು ಸಲ ನೋಡಿದೀನಿ ರೀ.”

“ನಂದೂ ಮೂರು ಸಲ ನೋಡಿದ್ಯಾ?”

ಇಲ್ಲ, ಅವರದ್ದು ಒಂದೇ ಸಲ ನೋಡಿದ್ದೆ. ಅದರಲ್ಲಿ ನನಗೆ ಆಶ್ಚರ್ಯವೇನೂ ಕಂಡಿರಲಿಲ್ಲ.

ಇಷ್ಟು ಜನರಲ್ಲಿ ಒಬ್ಬರು ಮಾತ್ರ ಎಲ್ಲೋ ಮೇಲೆ ನಿಂತಿದ್ದರೆ ಅವರನ್ನು ಲೆಕ್ಕದಿಂದ ಬಿಡಬೇಕು ಎಂದು ಮಾಲೀಕರಿಗೆ ಹೇಳಿದೆ. ಅವರು ಕೇಳಿದರೆ ತಾನೆ! ಎರಡಕ್ಕಿಂತ ಮೇಲಿದ್ದರೆ ‘ಉತ್ತಮ’, ಒಂದೂವರೆಯಿಂದ ಎರಡು ‘ಪರವಾಗಿಲ್ಲ’, ಅದಕ್ಕಿಂತ ಕೆಳಗೆ ‘ತುಕ್ಕು ಆರಂಭ’ ಎಂದು ತಾವೇ ಗೆರೆ ಎಳೆದರು. ಅರ್ಧಕ್ಕರ್ಧ ಊರಿಗೆ ಒಂದೇ ದಿನದಲ್ಲಿ ತುಕ್ಕು ಹಿಡಿಯಿತು. ರಿಸೆಪ್ಷನ್ನಿನ ಗೋಡೆಗೆ ಮಾವನ ದೊಡ್ಡ ಫೋಟೋ ಬಂತು: ‘ಎಪ್ಪತ್ತೆರಡರಲ್ಲೂ ತುಕ್ಕಿಲ್ಲ!’ ‘ಉತ್ತಮ’ ಬಂದವರಿಗೆ ಕಂಪ್ಯೂಟರು ತಾನಾಗಿಯೇ ಸುತ್ತ ನಕ್ಷತ್ರಗಳಿರುವ ಒಂದು ಪ್ರಮಾಣಪತ್ರ ಅಚ್ಚು ಹಾಕುವಂತೆ ಮಾಡಿಸಿದರು. ಕೆಳಗೆ ಸಹಿ ನನ್ನದು.

ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗ್ಗೆ ಹತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಟೋ ಹಿಡಿದು ಬಂದು, ತಮ್ಮದೇ ಫೋಟೋದ ಕೆಳಗಿನ ಬೆಂಚಿನಲ್ಲಿ ಆಕಸ್ಮಿಕವಾಗಿ ಕೂತವರ ಹಾಗೆ ಕೂರುತ್ತಿದ್ದರು. ಜನ ಫೋಟೋ ನೋಡಿ, ಮುಖ ನೋಡಿ, ಹತ್ತಿರ ಸರಿದು ಗುಟ್ಟು ಕೇಳುತ್ತಿದ್ದರು. “ಏನಿಲ್ಲ,” ಎನ್ನುತ್ತಿದ್ದರು ಮಾವ. “ಮಧ್ಯಾಹ್ನದ ನಿದ್ದೆ ಬಿಡಬೇಡಿ. ನಾಲಿಗೆ ಕೇಳಿದ್ದು ಕೊಡಿ. ಡಾಕ್ಟರ ಹತ್ರ ಹೋಗಬೇಡಿ.” ಒಳಗೆ ಸೂಜಿ ಹಿಡಿದು ನಿಂತ ನನಗೆ ನಗು ಬರುತ್ತಿತ್ತು. ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು, ಯಾಕೆ ಮುಚ್ಚಿಡಲಿ?

ನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಮಾವನ ಊಟ ಕಡಿಮೆಯಾಯಿತು. ಕರಿದದ್ದು ತಟ್ಟೆಯಲ್ಲೇ ಉಳಿಯತೊಡಗಿತು. ಬೆನ್ನು ಕೆರೆದುಕೊಳ್ಳಲು ಅಳತೆ ಪಟ್ಟಿ ಹುಡುಕುತ್ತಿದ್ದರು. ಬಾತ್‌ರೂಮಿಗೆ ಹೋದವರು ಕಾಲು ಗಂಟೆಯಾದರೂ ಹೊರಗೆ ಬರುತ್ತಿರಲಿಲ್ಲ. ಬಂದು ಕೂತ ಹತ್ತು ನಿಮಿಷಕ್ಕೆ ಮತ್ತೆ ಎದ್ದು ಹೋಗುತ್ತಿದ್ದರು. ಒಂದು ದಿನ ಅವರು ಕಾಲುಚೀಲ ಬಿಚ್ಚಿದಾಗ ನೋಡಿದೆ, ಕಣಕಾಲಿನ ಸುತ್ತ ಬಳೆ ತೊಡಿಸಿದ ಹಾಗೆ ಆಳವಾಗಿ ಗುರುತು ಬಿದ್ದಿತ್ತು. ಬೆರಳಿಂದ ಒತ್ತಿದೆ. ಗುಳಿ ಗುಳಿಯಾಗಿಯೇ ಉಳಿಯಿತು.

“ಮಾವ, ಯಾರಾದ್ರೂ ಡಾಕ್ಟರಿಗೆ ತೋರಿಸೋಣ.”

“ಊರಿಗೇ ಉತ್ತಮ ರಕ್ತ ಇರೋನಿಗೆ ಡಾಕ್ಟರ್ ಯಾಕಮ್ಮಾ? ನೀನೇ ಸಹಿ ಹಾಕಿದೀಯಲ್ಲ.”

ಆ ಮಾತನ್ನು ಅಲ್ಲಿಗೇ ಬಿಟ್ಟೆ. ಮಾವನ ಹಟಕ್ಕೆ ಹೆದರಿಯಲ್ಲ. ನನ್ನ ಸಹಿಯನ್ನು ನಾನೂ ಅರ್ಧ ನಂಬಿದ್ದೆ. ತಿಂಗಳುಗಟ್ಟಲೆ ದಿನಕ್ಕೆ ಹತ್ತು ಸಲ ಆ ಫೋಟೋ ಎದುರು ಓಡಾಡಿದರೆ ಯಾರಿಗಾದರೂ ತಲೆಯಲ್ಲಿ ಅದು ಕೂತುಬಿಡುತ್ತದೆ.

ಆ ವಾರವೇ ಒಂದು ನರ್ಸಿಂಗ್ ಹೋಮಿನಿಂದ ರಕ್ತ ಬಂತು. ರೋಗಿ ಏಳುವ ಸ್ಥಿತಿಯಲ್ಲಿಲ್ಲ, ಮಗಳು ಬಾಟಲಿ ಹಿಡಿದು ಬಂದಿದ್ದಳು. ಯಾರೋ ಹೇಳಿದರಂತೆ, ತುಕ್ಕು ಟೆಸ್ಟನ್ನೂ ಒಂದು ಮಾಡಿಸಿಬಿಡಿ ಎಂದು. ರಕ್ತವನ್ನು ಮಿಷಿನ್ನಿನಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕೆಳಗೆ ಕೂತು ತಿಳಿ ಮೇಲೆ ನಿಲ್ಲುತ್ತದೆ. ಆರೋಗ್ಯವಂತರ ತಿಳಿ ಒಣಹುಲ್ಲಿನ ಬಣ್ಣ. ಇದು ಕಡು ಹಳದಿ. ಕಾಮಾಲೆ ಏರಿ ಲಿವರ್ ಕೈಕೊಟ್ಟಿದೆ ಎಂದು ಹೇಳಲು ಯಾವ ಟೆಸ್ಟೂ ಬೇಕಿರಲಿಲ್ಲ.

ಅದರ ಅಂಕಿ 2.7.

ನಾನು ಮತ್ತೆ ಮಿಷಿನ್ನಿಗೆ ಹಾಕುವಷ್ಟರಲ್ಲಿ ಪಕ್ಕದ ಪ್ರಿಂಟರ್ ಗರಗರ ಎಂದಿತು. ಸುತ್ತ ನಕ್ಷತ್ರ, ನಡುವೆ ‘ಉತ್ತಮ’, ಕೆಳಗೆ ಅಭಿನಂದನೆಗಳು. ಕೈಯಲ್ಲಿ ಆ ಹಾಳೆ ಹಿಡಿದು ಬಾಗಿಲಿನಿಂದ ಇಣುಕಿದರೆ ಬೆಂಚಿನ ತುದಿಯಲ್ಲಿ ಆ ಮಗಳು ಅಪ್ಪನ ಚಪ್ಪಲಿಯಿದ್ದ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಗೆ ಸೇರಿಸಿದಾಗ ಕಳಚಿ ಕೊಟ್ಟಿದ್ದರೋ ಏನೋ. ಹಾಳೆ ಹರಿದು ಡಬ್ಬಿಗೆ ಎಸೆದೆ. ಅವಳ ಹತ್ತಿರ ಹೋಗಿ, ಈ ಟೆಸ್ಟ್ ನಿಮ್ಮ ಅಪ್ಪನಿಗೆ ಬೇಡ, ಬೇರೆ ರಿಪೋರ್ಟೆಲ್ಲ ಕೊಡ್ತೀನಿ, ಬೇಗ ಡಾಕ್ಟರ ಕೈಗೆ ಕೊಡಿ ಎಂದೆ.

ಆಮೇಲೆ ಟೆಸ್ಟಿನ ಡಬ್ಬಿಯಲ್ಲಿ ಬಂದಿದ್ದ ಆ ಎಂಟು ಮಡಿಕೆಯ ಕಾಗದ ಬಿಚ್ಚಿದೆ.

ನಮ್ಮ ಕಸುಬಿನವರೆಲ್ಲ ಆ ಕಾಗದವನ್ನು ಒಂದೇ ರೀತಿ ಓದುತ್ತೇವೆ. ಎಷ್ಟು ಹನಿ, ಎಷ್ಟು ನಿಮಿಷ, ಎಷ್ಟು ಬಿಸಿ. ಅದನ್ನು ಗೋಡೆಗೆ ಬರೆದು ಅಂಟಿಸುತ್ತೇವೆ, ಕಾಗದವನ್ನು ಡ್ರಾಯರಿಗೆ ಹಾಕುತ್ತೇವೆ. ಕೊನೆಯ ಪ್ಯಾರಾ ಓದುವವರು ಯಾರು? ಇಪ್ಪತ್ತೆರಡು ವರ್ಷದಲ್ಲಿ ನಾನಂತೂ ಓದಿರಲಿಲ್ಲ. ಭೂತಗನ್ನಡಿ ಹಿಡಿದು ಓದಿದೆ. ತುಕ್ಕು ತಡೆಯುವ ಗುಣ ಹಣ್ಣು ಸೊಪ್ಪಿನ ಸತ್ವಕ್ಕೆ ಮಾತ್ರ ಇರುವುದಲ್ಲವಂತೆ. ದೇಹದಿಂದ ಹೊರಗೆ ಹೋಗಬೇಕಾದ ಯೂರಿಕ್ ಆಸಿಡ್ಡಿಗೂ, ಕಾಮಾಲೆಯ ಹಳದಿಗೂ ಅದೇ ಗುಣವಂತೆ. ಲಿವರ್ ಅಥವಾ ಕಿಡ್ನಿ ಸೋತವರಲ್ಲಿ ಅಂಕಿ ಏರಬಹುದು, ಗಮನಿಸಿ ಎಂದು ಬರೆದಿತ್ತು.

ಕಿಡ್ನಿ ಎಂಬ ಪದ ಕಂಡಾಗ ನನಗೆ ಮಾವನ ಕಣಕಾಲು ನೆನಪಾಯಿತು.

ಆ ನಲವತ್ತು ಜನರ ತಿಳಿಯನ್ನು ಸ್ವಲ್ಪ ಸ್ವಲ್ಪ ಫ್ರೀಜರಿನಲ್ಲಿ ಎತ್ತಿಟ್ಟಿದ್ದೆವು. ಹದಿನೇಳನೆಯ ಟ್ಯೂಬ್ ಮಾವನದ್ದು. ಅಂಗೈಯಲ್ಲಿ ಹಿಡಿದು ಕರಗಿಸಿ ಕಿಡ್ನಿಯ ಪರೀಕ್ಷೆಗೆ ಹಾಕಿದೆ. ಕ್ರಿಯಾಟಿನಿನ್ ಎಂಬ ಕಸ ಒಂದರ ಆಸುಪಾಸಿನಲ್ಲಿ ಇರಬೇಕಾದ್ದು 3.4 ಇತ್ತು. ಯೂರಿಕ್ ಆಸಿಡ್ ಇರಬೇಕಾದ್ದಕ್ಕಿಂತ ದುಪ್ಪಟ್ಟು. ಅಂದರೆ ನಾಲ್ಕು ತಿಂಗಳ ಹಿಂದೆ, ನಾನು ಎಡಗೈ ಬಲಗೈ ಎಂದು ಚುಚ್ಚುತ್ತಿದ್ದಾಗಲೇ, ಮೂತ್ರದಲ್ಲಿ ಹೋಗಬೇಕಾದ ಕಸವೆಲ್ಲ ಮಾವನ ರಕ್ತದಲ್ಲಿ ತುಂಬಿ ನಿಂತಿತ್ತು. ನಾವು ಅದಕ್ಕೆ ಮೊದಲ ರ‍್ಯಾಂಕ್ ಕೊಟ್ಟು ಗೋಡೆಗೆ ಫೋಟೋ ಹಾಕಿದ್ದೆವು.

ಸಂಜೆ ಮನೆಯಲ್ಲೇ ಮತ್ತೆ ರಕ್ತ ತೆಗೆದು, ಲ್ಯಾಬಿಗೆ ಓಡಿ ಹೋಗಿ ನೋಡಿದೆ. ಕ್ರಿಯಾಟಿನಿನ್ 5.9. ತುಕ್ಕು ಟೆಸ್ಟಿನಲ್ಲೂ ಮಾವ ಮುಂದೆ ಬಂದಿದ್ದರು: 2.6.

ಎರಡೂ ರಿಪೋರ್ಟನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮ ಯಜಮಾನರು ಬಾಯಿ ತೆರೆದು ಕೇಳಿದರು. “ಹಾಗಾದ್ರೆ ನನ್ನ ಒಂದು ಪಾಯಿಂಟ್ ಎರಡು ಕೆಟ್ಟದ್ದೇನಲ್ಲ ಅನ್ನು,” ಎಂದರು. ನಾನು ನೋಡಿದ ನೋಟಕ್ಕೆ ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಅಲ್ಲಿ ನಲ್ಲಿ ಬಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಅಪ್ಪನ ಮೇಲೆ ಅವರಿಗೆ ಪ್ರೀತಿ ಇಲ್ಲವೆಂದಲ್ಲ. ಮೊದಲು ಬಾಯಿ ಓಡುತ್ತದೆ, ಆಮೇಲೆ ಮನಸ್ಸು ಬರುತ್ತದೆ.

ಮಾವ ಮಾತ್ರ ಕನ್ನಡಕ ಏರಿಸಿ ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿದರು.

“ಒಂದೇ ರಕ್ತ. ಒಂದೇ ಲ್ಯಾಬು. ಒಂದು ಹಾಳೆ ನಾನು ಊರಿಗೇ ಗಟ್ಟಿಗ ಅನ್ನುತ್ತೆ, ಇನ್ನೊಂದು ಹೋಗೋ ಕಾಲ ಬಂತು ಅನ್ನುತ್ತೆ. ಯಾವ ತಕ್ಕಡಿ ನಂಬಲಿ?”

“ಎರಡನೇದು ಮಾವ. ನಾಳೆ ಡಾಕ್ಟರ ಹತ್ರ ಹೋಗೋಣ.”

“ಮೊದಲನೇದನ್ನ ನೀನೇ ಮೂರು ಸಲ ತೂಗಿದೀಯ. ಎರಡನೇದನ್ನ ಎಷ್ಟು ಸಲ ತೂಗಿದೆ?”

ಅಷ್ಟು ಹೊತ್ತಿಗೆ ಅವರ ಫೋನ್ ಬಡಿದುಕೊಂಡಿತು. ನಮ್ಮ ಮಾಲೀಕರು. ನಾನು ಲ್ಯಾಬಿನಿಂದ ಹೊರಡುವ ಮೊದಲು ಫೋಟೋ ತೆಗೆಸಿ, ಟೆಸ್ಟ್ ನಿಲ್ಲಿಸಿ, ‘ಉತ್ತಮ’ ಬಂದವರಿಗೆಲ್ಲ ತಿಳಿಸಿ ಎಂದು ಅವರಿಗೂ ಹೇಳಿಬಂದಿದ್ದೆ. “ಇನ್ನೊಂದು ಮಾತಾಡಿದ್ರೆ ನಾಳೆಯಿಂದ ಬರಬೇಡಿ,” ಎಂದಿದ್ದರು. ಈಗ ಮಾವನಿಗೆ ಸಕ್ಕರೆಯಂಥ ದನಿಯಲ್ಲಿ ಹೇಳುತ್ತಿದ್ದರು, ನನಗೆ ಕೇಳಿಸುವಷ್ಟು ಜೋರಾಗಿ: “ವಯಸ್ಸಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಆ ಕಡೆ ಈ ಕಡೆ ಆಗುತ್ತೆ ಸರ್. ನೀರು ಜಾಸ್ತಿ ಕುಡೀರಿ. ನಿಮ್ಮಂಥ ರಕ್ತ ಯಾರಿಗಿದೆ?”

ಮಾವ ಫೋನ್ ಇಟ್ಟು, “ಕೇಳಿಸ್ಕೊಂಡ್ಯಾ?” ಎಂದು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಜೊತೆಗೆ ಒಂದು ಚೊಂಬು ನೀರು ಒಯ್ದರು. ಗಾಜಿನ ವ್ಯಾಪಾರಿಯ ವೈದ್ಯ ಶುರುವಾಯಿತು.

ಮೂರು ದಿನ ಬೇಡಿಕೊಂಡೆ. ಯಜಮಾನರು ಕೂಗಾಡಿದರು, ಕಾಲಿಗೂ ಬಿದ್ದರು. ನಮ್ಮ ಪರಿಚಯದ ಡಾಕ್ಟರೊಬ್ಬರು ಮನೆ ಬಾಗಿಲಿಗೇ ಬಂದರು. ಮಾವ ಚಿಲಕ ತೆಗೆಯಲಿಲ್ಲ. “ಹೋಗಿ ಸ್ವಾಮಿ, ಗೋಡೆ ಮೇಲೆ ನನ್ನ ಫೋಟೋ ನೋಡ್ಕೊಂಡು ಬನ್ನಿ,” ಎಂದು ಒಳಗಿನಿಂದಲೇ ಅಂದರು. ಅವರ ದನಿ ಆಗಲೇ ಸೋತಿತ್ತು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ನಾನು ಕೊಟ್ಟ ಅಂಕಿಯನ್ನೇ ಹಿಡಿದುಕೊಂಡು ಮಾವ ಸಾಯುತ್ತಾರೆ ಎಂದು ನನಗೆ ಖಚಿತವಾಯಿತು.

ನಾಲ್ಕನೆಯ ದಿನ ಬೆಳಗ್ಗೆ ಬಾಗಿಲು ಬಡಿದು, “ಮಾವ, ತುಕ್ಕು ಟೆಸ್ಟಿಗೆ ಇನ್ನೊಂದ್ಸಲ ರಕ್ತ ಕೊಡಿ. ಅದು ಚೆನ್ನಾಗಿ ಬಂದ್ರೆ ಇನ್ನು ನಾನು ಬಾಯಿ ಬಿಡಲ್ಲ,” ಎಂದೆ. ಬಾಗಿಲು ತೆರೆಯಿತು. ಅಂಗಿಯ ತೋಳು ತಾವೇ ಮಡಚಿಕೊಂಡರು.

ಅಂಕಿ 2.7 ಬಂತು. ಕಾಮಾಲೆಯವರ ಸಮಕ್ಕೆ.

ರಿಪೋರ್ಟ್ ಬರೆಯುವ ಪರದೆ ತೆರೆದು ಅದನ್ನು ಅಳಿಸಿ 0.8 ಎಂದು ಬರೆದೆ. ಇಷ್ಟು ವರ್ಷದಲ್ಲಿ ಒಂದು ಚುಕ್ಕಿಯನ್ನೂ ಆ ಕಡೆ ಈ ಕಡೆ ಸರಿಸಿದವಳಲ್ಲ. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಮಗಳ ಮದುವೆ ನಿಂತುಹೋಗುತ್ತದೆ, ರಿಪೋರ್ಟಿನಲ್ಲಿ ಒಂದು ಅಂಕಿ ಬದಲಿಸಿ ಎಂದು ಕೈಮುಗಿದಾಗಲೂ ಆಗಲ್ಲ ಎಂದಿದ್ದೆ. ಈಗ ಎರಡು ಸಲ ತಪ್ಪು ಕೀಲಿ ಒತ್ತಿದೆ. ‘ತುಕ್ಕು ಆರಂಭ’ ಎಂದು ಅಚ್ಚಾಯಿತು. ಸಹಿ ಹಾಕಿದೆ. ನಿಜವಾದ ರಿಪೋರ್ಟಿಗೆ ಹಾಕಿದ ಅದೇ ಸಹಿ.

ಮಾವ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಒಂದು ಸಲ ನನ್ನ ಮುಖ ನೋಡಿದರು. ಮತ್ತೆ ಹಾಳೆ ನೋಡಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

“ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೆ?”

ಡಾಕ್ಟರಿಗೆ ಯಾವ ಅಂಕಿಯೂ ಬೇಕಾಗಲಿಲ್ಲ. ಹೊಕ್ಕುಳ ಕೆಳಗೆ ಕೈಯಿಟ್ಟು ಒತ್ತಿದರು, ಅಷ್ಟೇ. ವಯಸ್ಸಾದ ಗಂಡಸರಿಗೆ ಊದುವ ಪ್ರಾಸ್ಟೇಟ್ ಗ್ರಂಥಿ ಮೂತ್ರದ ದಾರಿಯನ್ನು ಒತ್ತಿ ಹಿಡಿದಿತ್ತು. ಮೂತ್ರಕೋಶ ತುಂಬಿ, ಒತ್ತಡ ಹಿಂದಕ್ಕೆ ತಿರುಗಿ ಕಿಡ್ನಿಗಳು ಕಟ್ಟಿಕೊಂಡಿದ್ದವು. ನಳಿಕೆ ಹಾಕಿದಾಗ ಒಂದೂವರೆ ಲೀಟರ್ ಮೂತ್ರ ಬಂತು. “ಇನ್ನೊಂದೆರಡು ವಾರ ಬಿಟ್ಟಿದ್ರೆ ಕಿಡ್ನಿ ವಾಪಸು ಬರ್ತಿರಲಿಲ್ಲ,” ಎಂದರು. “ಈಗಲೂ ಪೂರ್ತಿ ಬರಲ್ಲ, ಆದ್ರೆ ಸಾಕಷ್ಟು ಬರುತ್ತೆ. ಇಷ್ಟು ದಿನ ಮನೇಲಿ ಯಾರೂ ಗಮನಿಸಲಿಲ್ವಾ?”

“ಇವಳು ಲ್ಯಾಬಲ್ಲೇ ಕೆಲಸ ಮಾಡೋದು ಡಾಕ್ಟ್ರೇ,” ಎಂದರು ನಮ್ಮ ಯಜಮಾನರು, ಪರಿಚಯ ಮಾಡಿಕೊಡುವ ಹಾಗೆ. ಡಾಕ್ಟರು ನನ್ನನ್ನೊಮ್ಮೆ ನೋಡಿ ಬರೆಯತೊಡಗಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹತ್ತು ದಿನದಲ್ಲಿ 5.9 ಇದ್ದದ್ದು 1.9ಕ್ಕೆ ಇಳಿಯಿತು. ಮುಖದ ಊತ ಹೋಗಿ ಮಾವನ ಹಳೆಯ ಮೂಗು ಹೊರಗೆ ಬಂತು. ಹನ್ನೊಂದನೆಯ ದಿನ ಬೆಳಗ್ಗೆ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮಂಚದ ಪಕ್ಕ ತೂಗುಹಾಕಿದ್ದ ಮೂತ್ರದ ಚೀಲವನ್ನು ಮಾವ ಟವೆಲಿನಿಂದ ಮುಚ್ಚಿದ್ದರು. ನಾನು ಒಳಗೆ ಬಂದಾಗಲೆಲ್ಲ ಟವೆಲು ಸರಿಮಾಡುತ್ತಿದ್ದರು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

“ಮಾವ, ಆ ಕೊನೇ ರಿಪೋರ್ಟು ಸುಳ್ಳು. ನಾನೇ ಬದಲಾಯಿಸಿದ್ದು.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ಅವತ್ತೇ. ಎರಡು ಪಾಯಿಂಟ್ ನಾಲ್ಕು ಬಂದಾಗ ನಂಬದೆ ಮೂರು ದಿನ ಚುಚ್ಚಿದೆ. ಅದು ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿದ್ರೆ ಒಂದೇ ಸಲಕ್ಕೆ ನಂಬಿಬಿಡೋ ಹೆಂಗಸಾ ನೀನು?” ಮಾವ ದಿಂಬಿಗೆ ಒರಗಿದರು. “ಮೂವತ್ತು ವರ್ಷ ಸುಳ್ಳು ತೂಕ ಇಡೋರನ್ನ ನೋಡಿದೀನಿ ಕಣಮ್ಮಾ. ಯಾರೂ ಸುಮ್ಮಸುಮ್ಮನೆ ಇಡಲ್ಲ. ಏನೋ ಲಾಭ ಇರುತ್ತೆ. ನನ್ನ ಸೊಸೆಗೆ ಇದರಲ್ಲಿ ಏನು ಲಾಭ ಅಂತ ಯೋಚನೆ ಮಾಡಿದೆ. ನಾನು ಬದುಕಿದ್ರೆ ನಿಂಗೆ ಬೇಕು ಅನ್ನೋದೊಂದು ಬಿಟ್ರೆ ಬೇರೇನೂ ಹೊಳೀಲಿಲ್ಲ.”

ನನಗೆ ಅಳು ಬಂತು. ವಾರ್ಡಿನಲ್ಲಿ ಬೇರೆಯವರೆಲ್ಲ ತಿರುಗಿ ನೋಡುವಷ್ಟು ಅತ್ತುಬಿಟ್ಟೆ. ಮಾವ ಟವೆಲು ಕೊಡಲು ಕೈಚಾಚಿ, ಅದು ಚೀಲದ ಮೇಲಿರುವುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಆಫೀಸಲ್ಲಿ ನನ್ನ ಜೊತೆಗಿದ್ದವನೊಬ್ಬನಿಗೆ ಹೀಗೇ ಆಗಿತ್ತು,” ಎಂದರು. “ಈ ಚೀಲ ಕೈಲಿ ಹಿಡ್ಕೊಂಡು ಮಗ ಸೊಸೆ ಮುಂದೆ ಓಡಾಡ್ತಿದ್ದ. ನಾಚಿಕೆ. ಹೆದರಿಕೆ. ನಂಗೆ ಒಂದು ವರ್ಷದಿಂದ ಕಷ್ಟ ಆಗ್ತಿತ್ತು, ನಿಮಗೆ ಹ್ಯಾಗೆ ಹೇಳಲಿ? ನಿನ್ನ ಅಂಕಿ ಬಂತಲ್ಲ, ಅದರ ಹಿಂದೆ ಬಚ್ಚಿಟ್ಟುಕೊಂಡೆ.”

ಮಾವ ಎದ್ದು ಕೂತರು. ಇನ್ಸ್‌ಪೆಕ್ಟರು ಎದ್ದು ಕೂತ ಹಾಗಿತ್ತು.

“ತಕ್ಕಡಿ ಕೆಟ್ಟಿದೆ ಅಂತ ಗೊತ್ತಾದ್ರೆ ನಾವು ತಕ್ಕಡಿ ಕಿತ್ಕೊಂಡು ಸುಮ್ಮನಾಗ್ತಿರಲಿಲ್ಲ. ಅದರಲ್ಲಿ ತೂಗಿಸ್ಕೊಂಡು ಹೋದವರು ಯಾರ‍್ಯಾರು ಅಂತ ಕೇಳ್ತಿದ್ವಿ. ಆ ನಕ್ಷತ್ರದ ಹಾಳೆ ಎಷ್ಟು ಜನಕ್ಕೆ ಕೊಟ್ಟಿದೀಯ?”

ಅವರಿಗೂ ತಿಳಿಸಬೇಕೆಂದು ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸ ಹೋಗುವ ಹೆದರಿಕೆ ಒಂದು ಕಡೆ, ಆಸ್ಪತ್ರೆಯ ಓಡಾಟ ಒಂದು ಕಡೆ. ಮಾವ ಮನೆಗೆ ಬರಲಿ, ಆಮೇಲೆ ನೋಡೋಣ ಎಂದು ಮೂಲೆಗೆ ತಳ್ಳಿದ್ದೆ.

“ನಿಮ್ಮನ್ನ ಬಿಟ್ಟು ಒಂಬತ್ತು ಜನ.”

“ನಂಬರ್ ಇದೆಯಾ?”

ಇತ್ತು. ರಿಪೋರ್ಟ್ ಕಳಿಸಿದ ನಂಬರುಗಳೆಲ್ಲ ನನ್ನ ಫೋನಿನಲ್ಲೇ ಇದ್ದವು. “ಮಾಲೀಕರಿಗೆ ಗೊತ್ತಾದ್ರೆ ನಾಳೆಯಿಂದ ಕೆಲಸ ಇರಲ್ಲ ಮಾವ,” ಎಂದೆ.

“ಇರಲ್ಲ,” ಎಂದರು ಮಾವ, ಸಮಾಧಾನ ಮಾಡುವ ಗೋಜಿಗೇ ಹೋಗದೆ. “ಫೋನ್ ಮಾಡು.”

ಮೊದಲನೆಯ ನಂಬರು ಪೆಟ್ರೋಲ್ ಬಂಕಿನ ಮ್ಯಾನೇಜರೊಬ್ಬರದು. ಐವತ್ತೈದರ ಆಸುಪಾಸು, ಅಂಕಿ 2.2. ಮಾವ ಆಸ್ಪತ್ರೆ ಸೇರಿದ್ದು ತಿಳಿದ ಮಾಲೀಕರು ಮಾವನ ಫೋಟೋ ಇದ್ದ ಜಾಗಕ್ಕೆ ಹಿಂದಿನ ದಿನವಷ್ಟೇ ಇವರದ್ದು ಹಾಕಿಸಿದ್ದರು. ಎರಡೇ ರಿಂಗಿಗೆ ಎತ್ತಿದರು. ಹಿಂದೆ ಗಾಡಿಗಳ ಸದ್ದು.

“ಏನ್ ಮೇಡಂ, ಫೋಟೋ ಚೆನ್ನಾಗಿ ಬಂದಿದೆಯಂತೆ! ನಮ್ಮ ಹುಡುಗರೆಲ್ಲ ಹೋಗಿ ನೋಡ್ಕೊಂಡು ಬಂದ್ರು.”

“ಸರ್, ಒಂದು ವಿಷಯ ಕೇಳ್ಬೇಕಿತ್ತು. ಇತ್ತೀಚೆಗೆ ಕಾಲು ಏನಾದ್ರೂ ಊದಿಕೊಳ್ತಿದೆಯಾ?”

ಆ ಕಡೆ ಯಾವುದೋ ಗಾಡಿ ಹಾರನ್ ಹೊಡೆಯಿತು, ಯಾರೋ ‘ಸಾರ್’ ಎಂದು ಕರೆದರು. ಅವರು ಅಲ್ಲಿಂದ ಪಕ್ಕಕ್ಕೆ ಸರಿದಿರಬೇಕು, ಗಾಡಿಗಳ ಸದ್ದು ದೂರವಾಯಿತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

“ಹದಿನೈದು ದಿನದಿಂದ ಬೂಟು ಹಿಡಿಸ್ತಿಲ್ಲ ಮೇಡಂ,” ಎಂದರು, ದನಿ ತಗ್ಗಿಸಿ. “ಮನೇಲೂ ಯಾರಿಗೂ ಹೇಳಿಲ್ಲ. ನಿಮಗೆ ಹ್ಯಾಗೆ ಗೊತ್ತಾಯ್ತು?”